ಎಂಟು ಲೀಟರಿನ ಪಿಚ್ಚರು

ಕೇಬಲ್ ಸಿದ್ದಣ್ಣ ಸಿನಿಮಾದ ರಕ್ತವನ್ನು ಲೀಟರಿನಲ್ಲಿ ಅಳೆಯುತ್ತಿದ್ದ. "ಅದು ಮೂರು ಲೀಟ್ರು ಪಿಚ್ಚರು ಕಣ್ಲಾ, ಇದು ಐದು" ಎಂದು ಅವನು ಹೇಳಿಬಿಟ್ಟರೆ ಮುಗಿಯಿತು, ಬಿಡದಿಯ ನಮ್ಮ ಟೀ ಅಂಗಡಿಯಲ್ಲಿ ಅದರ ಮೇಲೆ ಅಪೀಲು ಇರಲಿಲ್ಲ. ಬೆಳಗ್ಗೆ ಎದ್ದು ಡೇರಿಗೆ ಹಾಲು ಹಾಕಿ ಬರುವ ಮನುಷ್ಯ, ಅವನಿಗೆ ಗೊತ್ತಿದ್ದ ಅಳತೆ ಅದೊಂದೇ. ಹೊಡೆದಾಟ ಸಪ್ಪೆಯಾಗಿದ್ದರೆ, "ಬರೀ ನೀರು, ಡೇರೀಲಿ ಅಳುದ್ರೆ ಡಿಗ್ರಿನೇ ಬರಾಕಿಲ್ಲ" ಎಂದು ಕೈ ಒದರುತ್ತಿದ್ದ.

ಆಗ ಬಿಡದಿಯ ಸುತ್ತ ಎಲ್ಲಿ ನೋಡಿದರೂ ಹೊಸ ಫ್ಯಾಕ್ಟರಿಯ ಬೋರ್ಡು ಏಳುತ್ತಿದ್ದ ಕಾಲ. ರಾಗಿ ಹೊಲ ಇದ್ದ ಕಡೆ ಬಾಡಿಗೆಗೆಂದು ಸಾಲುಮನೆಗಳು ಬಂದಿದ್ದವು. ಮಾಗಡಿ ಕಡೆಯಿಂದ ಬಂದ ನಾನು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗ ಫಯಾಜ್, ಮದುವೆಯಾಗಿ ಸಂಸಾರ ಹೂಡಿದ್ದ ಮಾದೇವು, ಮೂವರೂ ಒಂದೇ ಫ್ಯಾಕ್ಟರಿ, ಒಂದೇ ಸಾಲು. ಆ ಸಾಲಿಗೆಲ್ಲ ಕೇಬಲ್ ಎಳೆದವನು ಸಿದ್ದಣ್ಣ. ಹೆಗಲ ಮೇಲೆ ಏಣಿ ಹೊತ್ತುಕೊಂಡು ಮೊಪೆಡ್ ಓಡಿಸುವವನನ್ನು ನಾನು ಕಂಡದ್ದು ಅವನೊಬ್ಬನನ್ನೇ. ಬೈರಮಂಗಲದ ರಸ್ತೆಯಲ್ಲಿ ಅವನ ಮನೆ. ಹಿತ್ತಲಲ್ಲಿ ದನದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಡಿವಿಡಿ ಪ್ಲೇಯರು, ಹಳೇ ಕಂಪ್ಯೂಟರು, ಒಂದು ಸ್ವಿಚ್ಚು. ಅಲ್ಲಿಂದಲೇ ಅವನ ಸ್ವಂತ ಚಾನೆಲ್ ನಡೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಒಂದು ಸಿನಿಮಾ. ಸ್ವಿಚ್ಚು ಒತ್ತಿದರೆ ಸಿನಿಮಾ ಮರೆಯಾಗಿ ಊರ ಮಕ್ಕಳ ಹುಟ್ಟುಹಬ್ಬದ ಶುಭಾಶಯ, ಸೀರೆ ಅಂಗಡಿಯ ಜಾಹೀರಾತು. ಅದೂ ಎಂಥ ಹೊತ್ತಿಗೆ ಬರುತ್ತಿತ್ತು ಅಂತೀರಿ, ಹೀರೋ ಮಚ್ಚು ಎತ್ತಿದ ಹೊತ್ತಿಗೆ ಸರಿಯಾಗಿ. ಎಲ್ಲ ಅವನ ದುಡ್ಡಿನಾಸೆ ಎಂದು ನಾವು ಬೈದುಕೊಳ್ಳುತ್ತಿದ್ದೆವು.

ಶಿಫ್ಟ್ ಬಸ್ಸು ಬರುವ ತನಕ ಟೀ ಅಂಗಡಿಯಲ್ಲಿ ನಮ್ಮ ಜಗಳ ಒಂದೇ. ತೊಂಬತ್ತರ ದಶಕದ ಸಿನಿಮಾಗಳಲ್ಲಿ ಅತಿ ಭಯಂಕರವಾದದ್ದು ಯಾವುದು? ನನ್ನದು ರೈಲ್ವೆ ಯಾರ್ಡಿನಲ್ಲಿ ಲಾಂಗು ಹಿಡಿದು ಅಟ್ಟಾಡಿಸುವ ಸಿನಿಮಾ. ಫಯಾಜನದು ಆಲೆಮನೆ ಸಿನಿಮಾ, ಅದರಲ್ಲಿ ವಿಲನ್ನಿನ ಕೈಯನ್ನು ಕಬ್ಬಿನ ಗಾಣಕ್ಕೆ ಕೊಡುತ್ತಾರೆ.

"ಥಿಯೇಟ್ರಲ್ಲಿ ಕಣ್ಣಾರೆ ನೋಡಿವ್ನಿ" ಎಂದು ಫಯಾಜ್ ಆಣೆ ಹಾಕುತ್ತಿದ್ದ. "ಕಬ್ಬಿನ ಹಾಲು ಕೆಂಪಗೆ ಸುರೀತದೆ. ಪರದೆ ಪೂರ್ತಿ ಕೆಂಪು."

"ನಂದ್ರಲ್ಲಿ ತಲೆ ಹಳಿ ಮೇಲೆ ಉರುಳ್ಕೊಂಡು ಹೋಯ್ತದೆ, ಅದಕ್ಕೇನಂತೀಯಾ?" ಎಂದು ನಾನು ಬೆಂಚಿನಿಂದ ಎದ್ದುನಿಲ್ಲುತ್ತಿದ್ದೆ. ಅಕ್ಕಪಕ್ಕದವರೆಲ್ಲ ಒಂದೊಂದು ಪಕ್ಷ ಹಿಡಿದು ಟೀ ಆರಿಸುತ್ತಿದ್ದರು. ಮಾದೇವು ಮಾತ್ರ ಸೇರುತ್ತಿರಲಿಲ್ಲ. ವರ್ಷದ ಹಿಂದೆ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಅವನ ಬಲಗೈ ಬೆರಳುಗಳು ಹೋಗಿದ್ದವು. ಈಗ ಅವನಿಗೆ ಗೇಟಿನಲ್ಲಿ ಕೆಲಸ. ಎಡಗೈಯಲ್ಲಿ ಲೋಟ ಹಿಡಿದು, ರಸ್ತೆ ನೋಡುತ್ತ ದೂರ ನಿಂತಿರುತ್ತಿದ್ದ.

ಒಂದು ದಿನ ಸಿದ್ದಣ್ಣ ತೀರ್ಪು ಕೊಟ್ಟೇಬಿಟ್ಟ. "ಆಲೆಮನೇದು ಎಂಟು ಲೀಟ್ರು. ಯಾರ್ಡಿಂದು ಏಳು."

ಒಂದು ಲೀಟರಿನಿಂದ ಸೋಲುವುದೆಂದರೇನು! ನನಗೆ ಮೈಯೆಲ್ಲ ಉರಿಯಿತು. ಎರಡನ್ನೂ ಬರುವ ಭಾನುವಾರ ಹಾಕು, ಎಲ್ಲರೂ ನೋಡಿ ಹೇಳಲಿ ಎಂದೆ. ಫಯಾಜನೂ ಸೇರಿಕೊಂಡ. "ನಡುವೆ ಒಂದೇ ಒಂದು ಹುಟ್ಟಿದಬ್ಬ ಬಂದ್ರೂ ನಮ್ ಸಾಲು ಪೂರ್ತಿ ಡಿಶ್ ಹಾಕಿಸ್ಕೊತೀವಿ, ನೋಡಣ್ಣ." ಆಗಷ್ಟೇ ಅಲ್ಲೊಂದು ಇಲ್ಲೊಂದು ತಾರಸಿಯ ಮೇಲೆ ಡಿಶ್ ಕಾಣತೊಡಗಿತ್ತು. ಸಿದ್ದಣ್ಣನ ಕೇಬಲ್ಲಿಗೆ ನಮ್ಮದೇ ದೊಡ್ಡ ಸಾಲು, ನಾವು ಕಳಚಿಕೊಂಡರೆ ಉಳಿದವರೂ ಹಿಂದೆಯೇ ಹೊರಡುತ್ತಾರೆ. ಅದು ಅವನಿಗೂ ಗೊತ್ತು, ನಮಗೂ ಗೊತ್ತು. ಲೋಟ ಕೆಳಗಿಟ್ಟು, "ಆಯ್ತು ಬುಡ್ರಪ್ಪ, ಹಂಗೇ ಹಾಕನ" ಎಂದ.

ಭಾನುವಾರ ಸಾಲಿನಲ್ಲಿ ಮನೆಮನೆಯಿಂದಲೂ ಮಟನ್ ಸಾರಿನ ವಾಸನೆ. ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಆಲೆಮನೆ ಸಿನಿಮಾ. ಅಂತೂ ಗಾಣ ತಿರುಗತೊಡಗಿತು. ಹೀರೋ ವಿಲನ್ನಿನ ಜುಟ್ಟು ಹಿಡಿದು ಎಳೆದು ತಂದ. ಕೈ ಗಾಣದ ಹತ್ತಿರ ಹೋಯಿತು, ಇನ್ನೂ ಹತ್ತಿರ ಹೋಯಿತು. "ನೋಡ್ರೋ, ಈಗ ನೋಡ್ರೋ" ಎಂದು ಫಯಾಜ್ ಮಂಚದ ಮೇಲೆ ಹತ್ತಿ ನಿಂತ. ಅಷ್ಟರಲ್ಲಿ ನಾದಸ್ವರ ಶುರುವಾಗಿ, ನವಿಲುಗರಿ ಸಿಕ್ಕಿಸಿಕೊಂಡ ಮಗುವೊಂದು ಪರದೆಯ ತುಂಬ ನಕ್ಕಿತು. ಮೊದಲನೇ ವರ್ಷದ ಹುಟ್ಟುಹಬ್ಬದ ಶುಭಾಶಯಗಳು, ಅಜ್ಜಿ, ತಾತ ಮತ್ತು ಸೋದರಮಾವಂದಿರಿಂದ. ಅದು ಹೋಗಿ ಇನ್ನೊಂದು ಮಗು. ಆಮೇಲೆ ಅವಳಿ ಮಕ್ಕಳು. ಹೀಗೆ ಎಂಟು ಹುಟ್ಟುಹಬ್ಬ ಮುಗಿದು ಸಿನಿಮಾ ವಾಪಸ್ ಬರುವಾಗ ಪೊಲೀಸ್ ಜೀಪು ಬಂದು ನಿಂತಿತ್ತು.

ಕೋಣೆಯಲ್ಲಿ ಗಲಾಟೆ ಎದ್ದಿತು. ನಾನೂ ಫಯಾಜನೂ ಸೈಕಲ್ ಹತ್ತಿ ಸಿದ್ದಣ್ಣನ ಮನೆಗೆ ಓಡಿದೆವು. ಕೊಟ್ಟಿಗೆ ದಾಟಿ ನೋಡಿದರೆ ಅವನು ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಕೂತಿದ್ದ. ಒಂದು ಕೈ ಸ್ವಿಚ್ಚಿನ ಮೇಲೇ ಇತ್ತು.

"ಯಾರ್ಲಾ ಅದು? ಜೀಪು ಬಂದಾಯ್ತಾ?" ಎಂದು ತಿರುಗದೆಯೇ ಕೇಳಿದ.

"ಮಾತು ಕೊಟ್ಟಿದ್ದೆಯಲ್ಲಣ್ಣ" ಎಂದ ಫಯಾಜ್.

ಸಿದ್ದಣ್ಣ ಟವೆಲ್ ಸರಿಸಿದ. "ಹಾಕನ ಅಂತ್ಲೇ ಕೂತಿದ್ದೆ ಕಣ್ಲಾ. ಗಾಣ ತಿರುಗ್ತು, ಮಾದೇವು ಗ್ಯಾಪಕ ಬಂದ. ಅವ್ನ ಮನೆಗೂ ಇದೇ ವೈರ್ನಾಗೆ ಹೋಯ್ತದೆ. ಹೋದ್ ವಾರ ಟಿವೀಲಿ ಗೆರೆ ಬತ್ತೈತೆ ಅಂತ ಕರ್ದಿದ್ರು, ಇದೇ ಹೊತ್ಗೆ ಹೋಗಿದ್ದೆ. ಟಿವಿ ಮುಂದೆ ಅವ್ನ ಕುಂಡ್ರಿಸ್ಕೊಂಡು ಹೆಂಡ್ರು ತುತ್ತು ಕಲಸಿ ತಿನ್ನಿಸ್ತಾ ಇದ್ಲು." ಸ್ವಿಚ್ಚಿನಿಂದ ಕೈ ತೆಗೆದು ಹೇಳಿದ, "ಅವ್ನೊಬ್ಬನ ಮನೆಗೆ ಬ್ಯಾರೆ ಪಿಚ್ಚರು ಕಳ್ಸಕಾಯ್ತದಾ? ಡಿಶ್ ಹಾಕಿಸ್ಕೊಳದಾದ್ರೆ ಹಾಕಿಸ್ಕೊಳಿ ಹೋಗ್ರಪ್ಪ."

ಫಯಾಜ್ ಮೆಲ್ಲಗೆ ಕೇಳಿದ, "ಇಷ್ಟು ವರ್ಷ ಮರೆ ಮಾಡಿದ್ದೂ ಅವನಿಗೋಸ್ಕರಾನಾ?"

"ಊಂ ಹೂಂ. ನಂಗೇ ರಕ್ತ ಕಂಡ್ರೆ ತಲೆ ಸುತ್ತು ಬತ್ತದೆ."

"ಮತ್ತೆ ಲೀಟ್ರು?"

"ಸ್ಪೀಕರಿಗೆ ಕಿವಿ ಕೊಟ್ಟಿರ್ತೀನಿ. ಕಿರುಚೋದು ನಿಲ್ಲೋಗಂಟ ಹುಟ್ಟಿದಬ್ಬ ಬುಡ್ತೀನಿ. ಒಂದು ಹುಟ್ಟಿದಬ್ಬಕ್ಕೆ ಒಂದು ಲೀಟ್ರು."

ಫಯಾಜ್ ಮಗುಚಿಟ್ಟ ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತು ನಗತೊಡಗಿದ. ನಗುತ್ತಲೇ ನಿಜ ಹೊರಬಿತ್ತು. ಆ ಸಿನಿಮಾಕ್ಕೆ ಥಿಯೇಟರಿನಲ್ಲಿ ಅವನಿಗೆ ಟಿಕೆಟ್ಟೇ ಸಿಕ್ಕಿರಲಿಲ್ಲವಂತೆ, ಅವನು ನೋಡಿದ್ದೂ ಸಿದ್ದಣ್ಣನ ಚಾನೆಲಿನಲ್ಲೇ. ನಾನು ನನ್ನ ಯಾರ್ಡಿನ ತಲೆಯನ್ನು ನೆನೆಸಿಕೊಂಡೆ. ಲಾಂಗು ಮೇಲೇಳುತ್ತದೆ, ಆಮೇಲೆ... ಸೀರೆ ಅಂಗಡಿ. ಕೆಂಪು ಹಾಲು, ಉರುಳುವ ತಲೆ, ಎಲ್ಲ ನಾವೇ ಕಟ್ಟಿಕೊಂಡದ್ದು.

"ಎರಡ್ನೇದು ಹಾಕಣ್ಣ, ಸ್ವಿಚ್ಚು ನಾನು ನೋಡ್ಕೊತೀನಿ. ನೀನು ಹೋಗಿ ಉಣ್ಣು" ಎಂದ ಫಯಾಜ್. ಅವತ್ತು ಯಾರ್ಡಿನ ಸಿನಿಮಾಕ್ಕೆ ಹುಟ್ಟುಹಬ್ಬಗಳನ್ನು ಬಿಟ್ಟವನು ಅವನೇ. ಸಾಲಿನವರಿಗೆ ಡಿವಿಡಿ ಕೆಟ್ಟಿತ್ತೆಂದು ಹೇಳಿ ಸಮಾಧಾನ ಮಾಡಿದೆವು. ಆ ವರ್ಷ ನಮ್ಮ ಸಾಲಿನಲ್ಲಿ ಯಾರೂ ಡಿಶ್ ಹಾಕಿಸಲಿಲ್ಲ.

ಆಮೇಲೆ ಹಾಕಿಸಿದರು ಬಿಡಿ, ನಾನೂ ಹಾಕಿಸಿದೆ. ಸಿದ್ದಣ್ಣನ ವೈರುಗಳು ಕಂಬಗಳಲ್ಲಿ ಜೋತುಬಿದ್ದವು. ಒಂದು ದಿನ ಯಾವುದೋ ಚಾನೆಲಿನಲ್ಲಿ ಆಲೆಮನೆ ಸಿನಿಮಾ ಪೂರ್ತಿ ಬಂತು. ಟಿವಿಗೆ ಅಂಟಿಕೊಂಡು ಕೂತೆ. ಕೈ ಗಾಣದ ಹತ್ತಿರ ಹೋಯಿತು. ಮರದಿಂದ ಕಾಗೆಗಳು ಹಾರಿದವು. ಹಿಂದಿನಿಂದ ಬರೀ ಕಿರುಚಾಟ, ಮತ್ತಷ್ಟು ಕಾಗೆಗಳು, ಕೊನೆಗೆ ಪೊಲೀಸ್ ಜೀಪು. ಒಂದು ಹನಿ ರಕ್ತವಿರಲಿಲ್ಲ.

ಬೆಳಗಾಗುವುದನ್ನೇ ಕಾದು ಸಿದ್ದಣ್ಣನಿಗೆ ಹೇಳಲು ಡೇರಿಗೆ ಓಡಿದೆ. ಅದೇ ನಮ್ಮ ಕೊನೆಯ ಭೇಟಿ, ಆ ಬೇಸಿಗೆಯಲ್ಲಿ ಅವನು ತೀರಿಕೊಂಡ. ಅವತ್ತೇ ಸೊರಗಿಹೋಗಿದ್ದ, ಹಾಲಿನ ಕ್ಯಾನು ಮುಂದಿಟ್ಟುಕೊಂಡು ಸಾಲಿನಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತು ಕೈ ಹಿಡಿದುಕೊಂಡ.

"ಆಲೆಮನೇದು ಬಂದಿತ್ತಂತಲ್ಲೋ. ಪೂರ್ತಿ ನೋಡ್ದಾ? ಎಷ್ಟ್ಲಾ?"

"ಎಂಟು ಕಣಣ್ಣ" ಎಂದೆ. "ಸರಿಯಾಗಿ ಎಂಟು."

ಸಿದ್ದಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹಾಲು ಹಾಕಲು ನಿಂತವರ ಕಡೆಗೆಲ್ಲ ತಿರುಗಿದ. "ಕೇಳುಸ್ಕಂಡ್ರೇನ್ರಪ್ಪಾ?"