ಸಾಧು ಮಗು

“ಎಂಥಾ ಸಾಧು ಮಗುವಪ್ಪಾ! ಕೂರಿಸಿದ ಕಡೆ ಕೂತಿರುತ್ತೆ!”

ನನ್ನ ಮಗಳು ಸಿಂಚನಾಗೆ ಮೂರು ತುಂಬುತ್ತಾ ಬಂತು. ಹೊಳೆನರಸೀಪುರದ ನೆಂಟರಿಷ್ಟರೆಲ್ಲ ಅವಳನ್ನು ಹೊಗಳುವುದು ಹೀಗೆಯೇ. ನಾನೂ ಬೀಗುತ್ತಿದ್ದೆ. (ಹೆಣ್ಣುಮಗು ಸದ್ದು ಮಾಡದಿದ್ದರೆ ನಮ್ಮ ಕಡೆ ಅದಕ್ಕೆ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್!) ಮಾತು ಇನ್ನೂ ಬಂದಿಲ್ಲ. ಇಡೀ ದಿನ ಹುಣಸೆಬೀಜ ಸಾಲಾಗಿ ಜೋಡಿಸುತ್ತಾಳೆ. ಒಂದು ಬೀಜ ಆಚೀಚೆ ಆದರೆ ಮಾತ್ರ ಮನೆ ಹಾರಿಹೋಗುವಂತೆ ಕಿರುಚುತ್ತಾಳೆ.

ಹೋದ ವಾರ ನೆಗಡಿಗೆಂದು ಹಾಸನದ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಅವಳ ಹಿಂದೆ ನಿಂತು ಹೆಸರು ಕೂಗಿದರು. ತಿರುಗಲಿಲ್ಲ. ಮತ್ತೆ ಕೂಗಿದರು. ಊಹೂಂ. ಮೇಜಿನ ಕೆಳಗೆ ಚಾಕೊಲೇಟ್ ಕಾಗದ ಪರಪರ ಎನ್ನಿಸಿದರು ನೋಡಿ, ತಟ್ಟನೆ ತಿರುಗಿದಳು!

ಡಾಕ್ಟರು ನನ್ನ ಕಡೆ ತಿರುಗಿದರು.

“ಕಿವಿ ಚೆನ್ನಾಗಿದೆಯಮ್ಮಾ. ಆಟಿಸಂ ಇರಬಹುದು, ಅಂದ್ರೆ ಮಾತು, ಜನರ ಜೊತೆ ಬೆರೆಯೋದು ಬೇರೆ ಥರ ಬೆಳೆಯೋದು. ಮೈಸೂರಲ್ಲಿ ಇದರ ತಜ್ಞರಿಗೆ ತೋರಿಸಿ, ತಡ ಮಾಡಬೇಡಿ.”

“ಮಾತ್ರೆ ಇಲ್ವಾ ಡಾಕ್ಟ್ರೇ?”

“ಮಾತ್ರೆ ಅಲ್ಲ, ಕಲಿಸಬೇಕು. ಚಿಕ್ಕವಳಿದ್ದಾಗಲೇ ಶುರು ಮಾಡಿದಷ್ಟೂ ಒಳ್ಳೇದು.”

ಆಟಿಸಂ ಎಂಬ ಪದವನ್ನೇ ನಾನು ಕೇಳಿರಲಿಲ್ಲ. ವಾಪಸ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನನ್ನು ಅಮ್ಮಾ ಅಂತಾಳಾ? ಸ್ಕೂಲಿಗೆ ಸೇರಿಸಿಕೊಳ್ತಾರಾ? ನನ್ನ ಕಾಲ ಮುಗಿದ ಮೇಲೆ?

ಮನೆಗೆ ಬಂದು ಹೇಳಿದರೆ ಅತ್ತೆ ತೇಯುವ ಕಲ್ಲು, ಬಜೆ ಬೇರು ಹಿಡಿದು ಕೂತರು. “ಮೈಸೂರೂ ಬ್ಯಾಡ, ಗಿಯ್ಸೂರೂ ಬ್ಯಾಡ ಕಣವ್ವ. ನಿನ್ ಗಂಡ್ನೂ ನಾಕು ವರ್ಸದ ಗಂಟ ಬಾಯ್ ಬಿಟ್ಟಿರ್ನಿಲ್ಲ. ಬಜೆ ತೇದು ನಾಲ್ಗೆಗೆ ಅಚ್ಚಿದ್ ಮೇಲೇ ಮಾತು ಬಂದದ್ದು.”

“ಅಮ್ಮ ಹೇಳೋದೂ ಸರಿ. ಒಂದು ವರ್ಷ ನೋಡೋಣ” ಎಂದರು ನಮ್ಮವರು.

ಒಂದು ವರ್ಷ! ನನಗೆ ರೇಗಿಹೋಯಿತು. “ಅತ್ತೆ, ನೀವೇ ಒಂದ್ಸಲ ಹಿಂದಿನಿಂದ ಕೂಗಿ ನೋಡಿ.”

“ಸಿಂಚೂ...” ಎಂದರು. “ಏ ಪುಟ್ಟೀ... ನನ್ ಬಂಗಾರಾ...”

ಅವಳು ಮುಂದಿನ ಬೀಜ ಇಟ್ಟಳು.

ತೇಯುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು, “ಮೈಸೂರ್ ಬಸ್ಸು ಎಷ್ಟೊತ್ಗವ್ವಾ?”

ಸೋಮವಾರ ಹೊರಟಿದ್ದೇವೆ, ಅತ್ತೆಯೂ ಜೊತೆಗೆ. (ಬಜೆಯ ತುಂಡು ಅವರ ಚೀಲದಲ್ಲಿದೆ. ಇರಲಿ.) ಅಲ್ಲಿ ಏನು ಹೇಳುತ್ತಾರೋ ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಮನೆಯಲ್ಲೂ ಒಂದು ಸಾಧು ಮಗು ಇದ್ದರೆ, ಹೊಗಳುವ ಮೊದಲು ಒಮ್ಮೆ ಹಿಂದಿನಿಂದ ಹೆಸರು ಹಿಡಿದು ಕೂಗುತ್ತೀರಾ?