ಪ್ರಸಾದ ಕೊಟ್ಟ ಅಜ್ಜಿ

ಮೊನ್ನೆ ಹೊಳಲ್ಕೆರೆ ಸಂತೆಯಲ್ಲಿ ಕಂಬಳಿ ಮಾರುವವನ ಪಕ್ಕ ಹಾಯುವಾಗ ಕುರಿ ಉಣ್ಣೆಯ ವಾಸನೆ, ಅದರೊಳಗೆ ಬೆರೆತ, ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೊಳ್ಳುವವಳು ಅಂದುಕೊಂಡು ಅವನು ಕಂಬಳಿ ಬಿಡಿಸಿ ಹಾಸಿದ. ಎದುರುಮನೆಯ ಅಜ್ಜಿ ಇಂಥದೇ ಕಂಬಳಿಯಿಂದ ನನ್ನ ಮಗಳ ಮೈ ಉಜ್ಜುತ್ತಿದ್ದದ್ದು... ಏಳು ವರ್ಷವಾಯಿತು.

ಆಗ ಮಗಳಿಗೆ ಮೂರು ತುಂಬಿತ್ತು. ನಾನು ಹೊಳಲ್ಕೆರೆಯಿಂದ ರಾಮಗಿರಿಯ ಪಂಚಾಯಿತಿಗೆ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯವರು ಹಿರಿಯೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಕಚ್ಚುತ್ತಿದ್ದಳು. ಸುಮ್ಮನೆ ಹೇಳುವುದಲ್ಲ, ಹಲ್ಲಿನ ಗುರುತು ಮೂಡುವಷ್ಟು. ಅಂಗನವಾಡಿಯಲ್ಲಿ ಎರಡು ಮಕ್ಕಳ ಕೆನ್ನೆ ಕಚ್ಚಿದ ಮೇಲೆ, ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ಕರೆದುಕೊಂಡು ಬನ್ನಿ ಅಂದರು. ನೆಂಟರ ಮನೆಗೆ ಹೋಗುವುದು ನಿಂತಿತು. ಬಸ್ಸಿನಲ್ಲಿ ಅವಳು ಕಾಲು ಝಾಡಿಸಿ ಕಿರುಚಿದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮನೆಗೆ ಬಂದು ನಾನು ಹೊಡೆಯುತ್ತಿದ್ದೆ. ಹೊಡೆದು, ಅತ್ತು, ಮತ್ತೆ ಹೊಡೆಯುತ್ತಿದ್ದೆ. ಮುಚ್ಚಿಡುವುದೇನು, ಹಾಗೇ ಇತ್ತು ನಮ್ಮ ಮನೆ.

ಇದರ ಮೇಲೆ ಅಲರ್ಜಿ ಬೇರೆ. ಚಿತ್ರದುರ್ಗದ ಡಾಕ್ಟರು ಶೇಂಗಾ ಮುಟ್ಟಿಸಲೇಬೇಡಿ ಎಂದು ಬರೆದುಕೊಟ್ಟಿದ್ದರು. ಬರೆಯುವುದು ಸುಲಭ. ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆಮನೆ ಯಾವುದಿದೆ? ಚಟ್ನಿಪುಡಿಗೆ ಅದೇ, ಪಲ್ಯಕ್ಕೆ ಅದೇ, ಒಗ್ಗರಣೆಯ ಎಣ್ಣೆಯೂ ಅದರದೇ. ಕಂಡವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಅವರು ತಲೆಯಾಡಿಸಿ, ನಮ್ಮ ಕಾಲದಲ್ಲಿ ಇಂಥ ರೋಗ ಇರಲಿಲ್ಲ ಅನ್ನುತ್ತಿದ್ದರು.

ಅಜ್ಜಿ ಮಾತ್ರ ಹಾಗೆ ಅನ್ನಲಿಲ್ಲ. ಒಂಟಿ ಹೆಂಗಸು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಮಗಳನ್ನು ಹಗಲು ನನ್ನ ಹತ್ತಿರ ಬಿಟ್ಟು ಹೋಗು ಎಂದು ತಾವಾಗೇ ಕೇಳಿದರು. ಮೊದಲ ದಿನವೇ ಮಗಳು ಅವರ ಮುಂಗೈ ಕಚ್ಚಿದಳು. ಅಜ್ಜಿ ಕೈ ಎಳೆದುಕೊಳ್ಳಲಿಲ್ಲ. ಅವಳೇ ಬಿಡುವ ತನಕ ಕಾದರು. ಆಮೇಲೆ ಎಲೆಗೆ ಸುಣ್ಣ ಕೇಳುವಷ್ಟೇ ಸಹಜವಾಗಿ, ಗಾಯಕ್ಕೆ ಒಂದಿಷ್ಟು ಅರಿಶಿನ ಕೊಡು ಅಂದರು.

ಹದಿನೈದು ದಿನ ಕಳೆದಿರಬೇಕು. ನಾನು ಮಗಳ ಮೇಲೆ ಕೈ ಎತ್ತಿದಾಗ ಅಜ್ಜಿ ನಡುವೆ ಬಂದು ನಿಂತರು.

“ಹೊಡೀಬ್ಯಾಡ ಕಣವ್ವ. ಇದು ಹಟ ಅಲ್ಲ, ನವೆ. ಕಚ್ಚಕ್ ಮುಂಚೆ ಮೊಣಕಾಲ್ ಹಿಂದೆ ಕೆರಕಂತಾಳೆ, ನೋಡಿಲ್ವಾ ನೀನು?”

ನಾನು ನೋಡಿರಲಿಲ್ಲ. ಹೆತ್ತವಳು ನಾನು, ಮೂರು ವರ್ಷದಲ್ಲಿ ನೋಡದ್ದನ್ನು ಅವರು ಹದಿನೈದು ದಿನದಲ್ಲಿ ನೋಡಿದ್ದರು. ಅಂದಿನಿಂದ ಅವಳು ಕೆರೆಯತೊಡಗಿದರೆ ಕೊಬ್ಬರಿ ಎಣ್ಣೆ ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ತೊಡೆ ಮೇಲೆ ಕೂರಿಸಿಕೊಳ್ಳುತ್ತಿದ್ದೆವು. ಎಲ್ಲ ಸರಿಹೋಯಿತು ಅನ್ನಲಾರೆ. ಕಿರುಚಾಟ ಇತ್ತು, ತಟ್ಟೆ ಎಸೆಯುವುದಿತ್ತು. ಕಚ್ಚುವುದು ಮಾತ್ರ ಕಡಿಮೆಯಾಯಿತು. ಅಜ್ಜಿ ತಮ್ಮ ಅಡುಗೆಮನೆಯಿಂದ ಶೇಂಗಾ ಡಬ್ಬಿಯನ್ನೇ ತೆಗೆದಿಟ್ಟರು. ನನಗೆ ಸ್ವಲ್ಪ ಉಸಿರು ಬಂತು.

ಆಮೇಲೆ ಶಿವರಾತ್ರಿ ಬಂತು. ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದ ಯಾರೋ ಅಜ್ಜಿಗೆ ತಂಬಿಟ್ಟಿನ ಪ್ರಸಾದ ತಂದುಕೊಟ್ಟರು. ಮಾರನೆಯ ದಿನ ಕರೆಂಟಿಲ್ಲದೆ ಆಫೀಸಿನ ಕೆಲಸ ನಿಂತು, ನಾನು ಮಧ್ಯಾಹ್ನವೇ ಮನೆಗೆ ಬಂದೆ. ಅಜ್ಜಿಯ ನಡುಮನೆಯಲ್ಲಿ ಮಗಳು ಮಲಗಿದ್ದಳು. ಮೈಯೆಲ್ಲ ದದ್ದು, ತುಟಿ ಊದಿ ಮಗುವಿನ ಮುಖವೇ ಅಲ್ಲದಂತಾಗಿತ್ತು, ಉಸಿರು ಸೊಯ್ ಅನ್ನುತ್ತಿತ್ತು. ಅಜ್ಜಿ ಕರಿ ಕಂಬಳಿಯಿಂದ ಅವಳ ಬೆನ್ನು ಉಜ್ಜುತ್ತಿದ್ದರು. ಪಿತ್ತದ ಗಂಧೆ ಎದ್ದರೆ ನಮ್ಮಲ್ಲಿ ಹಾಗೆ ಕಂಬಳಿಯಿಂದ ಉಜ್ಜುತ್ತಾರೆ. ಏನು ಕೊಟ್ಟಿರಿ ಎಂದು ಕೂಗಿದೆ. ಅಜ್ಜಿಗೆ ಅರ್ಥವೇ ಆಗಲಿಲ್ಲ.

“ಏನೂ ಕೊಟ್ಟಿಲ್ಲ ಕಣವ್ವ... ಪ್ರಸಾದ ಒಂದ್ ಚಿಟಿಕೆ ಬಾಯಿಗಿಟ್ಟೆ. ಸ್ವಾಮಿ ಮುಂದೆ ಇಟ್ಟಿದ್ದು, ಅದು ಹೆಂಗೆ ಶೇಂಗಾ ಆಗ್ತೈತೆ?”

ತಂಬಿಟ್ಟಿಗೆ ಹುರಿದ ಶೇಂಗಾ ಕುಟ್ಟಿ ಹಾಕಿದ್ದರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಸೂಜಿ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಹಿಂದೆಯೇ ನಡೆದುಕೊಂಡು ಬಂದ ಅಜ್ಜಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಎಲ್ಲರೆದುರು ಅಂದುಬಿಟ್ಟೆ, ನನ್ನ ಮಗಳನ್ನು ಕೊಲ್ಲೋಕೆ ಕಾಯ್ತಿದ್ರಾ ಎಂದು. ಅವರು ಸೆರಗು ಬಾಯಿಗಿಟ್ಟುಕೊಂಡು ಹೊರಟುಹೋದರು.

ಮೂರನೆಯ ದಿನ ಬೆಳಗ್ಗೆ ನಮ್ಮ ಬಾಗಿಲು ಬಡಿದರು. ನಾನು ತೆಗೆಯಲಿಲ್ಲ. ಒಳಗೆ ಮಗಳು ಅಜ್ಜೀ ಅಜ್ಜೀ ಎಂದು ಬಾಗಿಲಿಗೆ ತಲೆ ಚಚ್ಚಿಕೊಂಡಳು, ಅವಳನ್ನು ಹಿಡಿದೆಳೆದ ನನ್ನ ಕೈ ಕಚ್ಚಿದಳು. ಅಜ್ಜಿ ಜಗುಲಿಯ ಮೇಲೆ ಬಿಸಿಲೇರುವ ತನಕ ಕೂತಿದ್ದು ಎದ್ದರು. ಕಿಟಕಿ ಸಂದಿಯಿಂದ ನೋಡುತ್ತಲೇ ಇದ್ದೆ... ತಿಂಗಳು ತುಂಬುವ ಮೊದಲೇ ಊರ ಇನ್ನೊಂದು ತುದಿಗೆ ಮನೆ ಬದಲಿಸಿದೆವು. ಅಜ್ಜಿ ಊರಿಗೆ ಹೋದರು ಎಂದು ಮಗಳಿಗೆ ಸುಳ್ಳು ಹೇಳಿದೆ. ಒಂದು ದಿನ ಹೋಗಿ ಮಾತಾಡಬೇಕು ಅಂದುಕೊಳ್ಳುತ್ತ ವರ್ಷಗಳು ಹೋದವು. ನಡೆದರೆ ಕಾಲು ಗಂಟೆಯ ದಾರಿ.

ಮೊನ್ನೆ ಸಂತೆಯಲ್ಲೇ ಹಳೆಯ ಓಣಿಯ ಹೂವಿನವಳು ಸಿಕ್ಕಳು. ಅಜ್ಜಿ ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ. ನಮ್ಮ ಹೊಸ ಮನೆಯ ಕಡೆಯವರು ಯಾರು ಕಂಡರೂ ಪಾಪು ಹೆಂಗೈತೆ ಎಂದು ಕೇಳುತ್ತಿದ್ದರಂತೆ.

ಮಗಳಿಗೆ ಈಗ ಹತ್ತು. ಇವತ್ತಿಗೂ ಒಂದು ಕಡೆ ಕೂರುವವಳಲ್ಲ, ಸಿಟ್ಟು ಬಂದರೆ ಚೀಲ ಎಸೆಯುತ್ತಾಳೆ. ಇನ್ನು ಸುಳ್ಳು ಸಾಕು ಅನ್ನಿಸಿ ಅಂದು ಸಂಜೆ ಎಲ್ಲವನ್ನೂ ಹೇಳಿದೆ, ತಂಬಿಟ್ಟು, ಆಸ್ಪತ್ರೆ, ನಾನು ಆಡಿದ ಮಾತು, ತೆಗೆಯದ ಬಾಗಿಲು. ಅಜ್ಜಿ ಸತ್ತಿದ್ದನ್ನೂ. ಅವಳು ಮೊಣಕೈ ಕೆರೆದುಕೊಳ್ಳತೊಡಗಿದಳು.

“ಗೊತ್ತಿಲ್ದೆ ನೀನೂ ನಂಗೆ ಹೊಡೀತಿದ್ದೆ ಅಲ್ವಾ,” ಅಂದಳು. “ನಾನೇನು ನಿನ್ನ ಹೊರಗೆ ಕೂರಿಸಿದ್ನಾ?”