ಅಮ್ಮನಿಗಿಂತ ದೊಡ್ಡವಳು

ಕತ್ತರಿ ಹಿಡಿದು ಬದುಕುವವರು ಗಿರಾಕಿಯ ಮುಖ ನೋಡಿ ಮಾತಾಡುವುದಿಲ್ಲ, ಕನ್ನಡಿ ನೋಡಿ ಮಾತಾಡುತ್ತಾರೆ. ಗಿರಾಕಿ ಕುರ್ಚಿಯಲ್ಲಿ, ಇವರು ಹಿಂದೆ, ಇಬ್ಬರ ಕಣ್ಣೂ ಸೇರುವುದು ಎದುರಿನ ಗಾಜಿನಲ್ಲಿ. "ಇಷ್ಟು ಸಾಕಾ, ಇನ್ನೂ ಸ್ವಲ್ಪ ತೆಗೀಲಾ?" ಅಂತ ಕೇಳುವುದೂ ಅಲ್ಲೇ, "ಅಯ್ಯೋ, ಇಷ್ಟು ಕತ್ತರಿಸಿಬಿಟ್ರಾ!" ಅಂತ ಅವರು ಬಾಯಿ ಬಡಿದುಕೊಳ್ಳುವುದೂ ಅಲ್ಲೇ. ಇಪ್ಪತ್ತು ವರ್ಷ ಹೀಗೆ ದುಡಿದವಳಿಗೆ ಬೆನ್ನಲ್ಲೂ ಕಣ್ಣಿರುತ್ತದೆ. ಅಂಗಡಿಯ ಮೂಲೆಯಲ್ಲಿ ಯಾರು ಮೂಗು ಮುರಿದರು, ಯಾರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು, ಎಲ್ಲ ಗೊತ್ತಾಗುತ್ತದೆ. ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನುವಂಥದ್ದೂ ಗೊತ್ತಾಗಿಬಿಡುತ್ತದೆ.

ಬೀದಿಯವರ ಬಾಯಲ್ಲಿ ಅವಳು ಕತ್ತರಿ ಅಕ್ಕ. ಎರಡು ಕುರ್ಚಿ, ಗೋಡೆ ಉದ್ದಕ್ಕೂ ಒಂದು ಕನ್ನಡಿ, ತಲೆ ತೊಳೆಯುವ ಒಂದು ಬೇಸಿನ್ನು, ಸದ್ದು ಮಾಡುವ ಫ್ಯಾನು, ಇಷ್ಟೇ ಅವಳ ಪಾರ್ಲರು. ಚಿಕ್ಕವಳಿದ್ದಾಗ ಪಕ್ಕದ ಮನೆ ಹುಡುಗಿಯ ಜಡೆಯನ್ನು ಬುಡಕ್ಕೇ ಕತ್ತರಿಸಿ ಎರಡು ಮನೆಯವರಿಗೂ ಜಗಳ ತಂದಿಟ್ಟವಳು. ಅದಕ್ಕೆ ಬೆನ್ನಿಗೆ ಬಿದ್ದ ಏಟು ಮರೆತಿದ್ದಾಳೆ, ಕತ್ತರಿಯ ರುಚಿ ಮರೆಯಲಿಲ್ಲ. ಯಾರದೋ ಪಾರ್ಲರಿನಲ್ಲಿ ನೆಲ ಗುಡಿಸಿ, ಟವಲ್ಲು ಒಗೆದು, ಕದ್ದು ನೋಡಿ ಕಲಿತು, ಕೊನೆಗೆ ಸ್ವಂತದ್ದು ತೆರೆದಳು. ಕೈ ಅಂದರೆ ಕೈ. ಕಣ್ಣು ಮುಚ್ಚಿಕೊಂಡು ಬೆರಳ ನಡುವೆ ಕೂದಲು ಹಿಡಿದರೆ ಎಷ್ಟು ದಪ್ಪ, ಎಲ್ಲಿ ಸೀಳು ಬಿಟ್ಟಿದೆ ಅಂತ ಹೇಳುತ್ತಿದ್ದಳು. ಜೊತೆಗೆ ನೋಡಲಿಕ್ಕೂ ಲಕ್ಷಣವಾಗಿದ್ದಳು. "ನಿಮ್ಮ ಹಾಗೆ ಮಾಡ್ಕೊಡಿ" ಅಂತ ಕೇಳಿಕೊಂಡೇ ಅರ್ಧ ಜನ ಬರುತ್ತಿದ್ದರು.

ಅಂಗಡಿಯ ಇನ್ನೊಂದು ಆಕರ್ಷಣೆ ಅವಳ ಅಮ್ಮ. ಗಲ್ಲಾದ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಬೇಡದ ಸಲಹೆ ಕೊಡುವುದು, ಇದು ಅಮ್ಮನ ಉದ್ಯೋಗ. ಅರವತ್ತೇಳು ದಾಟಿದ್ದರೂ ತಲೆಯಲ್ಲಿ ಒಂದು ಬಿಳಿ ಎಳೆ ಇಲ್ಲ. ಇರಲಿಕ್ಕೆ ಮಗಳು ಬಿಟ್ಟರೆ ತಾನೆ! ಗಂಡ ಬೇಗ ತೀರಿಕೊಂಡ ಮೇಲೆ ಅಮ್ಮ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಬಟ್ಟೆ ಮಾರಿದವಳು. ಮುಖ ಬಾಡಿದವರಿಗೆ ಅಲ್ಲಿ ಕೆಲಸವಿಲ್ಲ. ಆಗ ಅಂಟಿಕೊಂಡ ಶೋಕಿ ಆಮೇಲೂ ಬಿಡಲಿಲ್ಲ. ನೆಟ್ಟಗೆ ನಡೆಯುವ ಆ ನಡಿಗೆ ನೋಡಿ ಬೀದಿಯವರು ಮಹಾರಾಣಿ ಅಂತ ಹೆಸರಿಟ್ಟಿದ್ದರು. ತಿಂಗಳಿಗೊಂದು ಸಲ, ಅಂಗಡಿಗೆ ರಜೆಯ ದಿನ, ಮಗಳು ಅಮ್ಮನ ತಲೆಗೆ ಡೈ ಹಚ್ಚುತ್ತಿದ್ದಳು. ಇಬ್ಬರಿಗೂ ಊರವರ ಮೇಲೆಲ್ಲ ಚಾಡಿ ಹೇಳಿಕೊಂಡು ನಗುವ ದಿನ ಅದು.

ಹೀಗಿರುವಾಗ ಮಗಳ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ನು, ಕೀಮೋ, ರೇಡಿಯೇಷನ್ನು, ಒಂದಾದ ಮೇಲೊಂದು. ಆ ಕತೆ ಬೇಡ, ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ಗೊತ್ತಾಗುವುದೂ ಬೇಡ. ಕೊನೆಗೆ ಡಾಕ್ಟರು, "ಎಲ್ಲ ಮುಗೀತು, ನೀವು ಇನ್ನು ಆರಾಮಾಗಿರಿ" ಅಂದರು. ಆರಾಮಂತೆ ಆರಾಮು!

ನಲವತ್ತನಾಲ್ಕು ವರ್ಷದ ಹೆಂಗಸು ಆಸ್ಪತ್ರೆಯ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದು ಬಾಗಿಲಲ್ಲಿ ಅರವತ್ತೈದಾಗಿ ಹೊರಗೆ ಬಂದಿದ್ದಳು. ಉದುರಿದ ಕೂದಲು ಮತ್ತೆ ಬಂತು, ಬೂದಿ ಬಣ್ಣದಲ್ಲಿ, ನೆತ್ತಿ ಕಾಣುವಷ್ಟು ತೆಳ್ಳಗೆ. ಹುಬ್ಬು ಅರ್ಧಕ್ಕೇ ನಿಂತುಹೋಯಿತು. ಕಣ್ಣು ಗುಳಿ ಬಿತ್ತು, ಕೆನ್ನೆಯ ಚರ್ಮ ಜೋತುಬಿತ್ತು. ವರ್ಷಗಟ್ಟಲೆ ನುಂಗಬೇಕೆಂದು ಕೊಟ್ಟ ಮಾತ್ರೆ ಮೂಳೆಮೂಳೆಯಲ್ಲೂ ನೋವು ತುಂಬಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಮೆಟ್ಟಿಲನ್ನು ಅಡ್ಡಡ್ಡ ಇಳಿಯಬೇಕು. ಮುಟ್ಟು ನಿಂತೇ ಹೋಯಿತು. ಯಾರದೋ ಕೂದಲು ಹಿಡಿದು ನಿಂತಿರುವಾಗಲೇ ಮೈಯೆಲ್ಲ ಕೆಂಡವಾಗಿ ಬೆವರು ಕಿತ್ತುಕೊಂಡು ಬರುತ್ತಿತ್ತು, ಕತ್ತರಿ ಕೆಳಗಿಟ್ಟು ಫ್ಯಾನಿನ ಕೆಳಗೆ ನಿಲ್ಲಬೇಕಾಗುತ್ತಿತ್ತು. ಬೆರಳ ತುದಿ ಜೋಮು ಹಿಡಿದಂತೆ, ಕೂದಲು ಹಿಡಿದಿದ್ದೀನೋ ಬಿಟ್ಟಿದ್ದೀನೋ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ಹೇಳುತ್ತಿದ್ದವಳು ಈಗ ಕಣ್ಣು ಕೀಲಿಸಿ ನೋಡಬೇಕು.

ಒಂದು ಸಲ ತನ್ನ ತಲೆಗೇ ಡೈ ಹಚ್ಚಿ ನೋಡಿದಳು. ಕರಿ ಕೂದಲಿನ ಕೆಳಗೆ ಮುಖ ಇನ್ನಷ್ಟು ಹಳೆಯದಾಗಿ ಕಂಡಿತು. ಮತ್ತೆ ಆ ಗೊಡವೆಗೆ ಹೋಗಲಿಲ್ಲ.

ಗಂಡ ಎಲೆಕ್ಟ್ರಿಷಿಯನ್ನು, ಪಾಪದವನು. "ನನ್ನ ಕಣ್ಣಿಗೆ ನೀನು ಹಾಗೇ ಇದೀಯ" ಅಂತ ತಟ್ಟೆಯಿಂದ ತಲೆಯೆತ್ತದೆ ಹೇಳುತ್ತಿದ್ದ. "ಮೊದಲು ಹೋಗಿ ಆ ಕಣ್ಣು ತೋರಿಸ್ಕೋ" ಅನ್ನುತ್ತಿದ್ದಳು ಅವಳು. ನಗುತ್ತಿದ್ದಳು ಕೂಡ. ಬದುಕಿ ಬಂದವಳು ಮುಖ ಸುಕ್ಕಾಯಿತು ಅಂತ ಅತ್ತರೆ ಜನ ಏನಂದಾರು? ಜೀವ ಉಳಿದಿದ್ದೇ ದೊಡ್ಡದು ಅಂತ ನೂರು ಜನ ಹೇಳಿಯಾಗಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೇ?

ಆ ದಿನ ಕುರ್ಚಿಯಲ್ಲಿ ಔಷಧಿ ಅಂಗಡಿಯವರ ಹೆಂಡತಿ ಕೂತಿದ್ದರು. ಕತ್ತರಿ ಅಕ್ಕ ಅವರ ಕೂದಲು ಟ್ರಿಮ್ ಮಾಡುತ್ತಿದ್ದಳು. ಬೀದಿಗೆ ಹೊಸದಾಗಿ ಬಂದ ಟೀಚರೊಬ್ಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಗಲ್ಲಾದಲ್ಲಿ ಕೂತ ಅಮ್ಮನನ್ನು ನೋಡಿದರು, ಬೆನ್ನು ಬಾಗಿಸಿ ಕೆಲಸ ಮಾಡುತ್ತಿದ್ದ ಮಗಳನ್ನು ನೋಡಿದರು, ಮೆಲ್ಲಗೆ ಅಮ್ಮನನ್ನೇ ಕೇಳಿದರು:

"ನೀವೇ ಕಟ್ ಮಾಡ್ತೀರಾ, ಇಲ್ಲಾ ನಿಮ್ಮ ಅಕ್ಕ ಮಾಡ್ತಾರಾ? ತಪ್ಪು ತಿಳ್ಕೋಬೇಡಿ, ಅವರ ಕೈ ನಡುಗಲ್ಲ ತಾನೆ?"

ಕನ್ನಡಿಯಲ್ಲಿ ಅಮ್ಮನ ಮುಖ ಕಾಣುತ್ತಿತ್ತು. ಆ ಮುಖ ಅರಳಿತು. ಒಂದೇ ಒಂದು ಗಳಿಗೆ, ಆದರೆ ಅರಳಿದ್ದು ಅರಳಿದ್ದೇ. ಕೈ ತಾನಾಗಿ ಮೇಲೆ ಹೋಗಿ ಕರಿ ಕೂದಲನ್ನು ಸವರಿಕೊಂಡಿತು. "ಹೂಂ, ನಮ್ಮಕ್ಕಾನೇ. ಕೈ ಬಂಗಾರ, ಹೆದರ್ಬೇಡಿ" ಅಂತ ನಾಲಿಗೆ ಅಭ್ಯಾಸದಂತೆ ತಮಾಷೆಗೆ ಇಳಿಯಿತು. ಆಮೇಲೆ ತಲೆಯೆತ್ತಿದರೆ ಗಾಜಿನೊಳಗೆ ಮಗಳ ಕಣ್ಣು.

ಅಮ್ಮನ ಮುಖದ ರಕ್ತ ಇಳಿದುಹೋಯಿತು. "ಅಲ್ಲಮ್ಮ, ಸುಮ್ನೆ ಅಂದೆ. ನನ್ನ ಮಗಳು ಅವಳು. ಮೈಗೆ ಹುಷಾರಿರ್ಲಿಲ್ಲ..." ಅಂತ ತಡವರಿಸಿದಳು. ಟೀಚರು "ಅಯ್ಯೋ, ಸಾರಿ, ಸಾರಿ" ಅನ್ನುತ್ತಾ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎದೆಯ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ, ನೆಲ ನೋಡಿದರು.

ಕತ್ತರಿ ಅಕ್ಕ ಟ್ರಿಮ್ ಮುಗಿಸಿದಳು, ಟೀಚರನ್ನೂ ಕೂರಿಸಿ ಚೆನ್ನಾಗಿಯೇ ಕಟ್ ಮಾಡಿ ಕಳಿಸಿದಳು. ಆ ಟೀಚರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕಂಡದ್ದನ್ನು ಹೇಳಿದ್ದರು, ಅಷ್ಟೇ. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಮ್ಮನ ಮುಖ ಅರಳಿದ್ದಕ್ಕೆ. ಕೀಮೋ ವಾಂತಿಯನ್ನು ಕೈಯಲ್ಲಿ ಹಿಡಿದ ಅಮ್ಮ, ಬೋಳುತಲೆಗೆ ಎಣ್ಣೆ ಸವರಿ ಮಲಗಿಸಿದ ಅಮ್ಮ, ತನ್ನ ಮಗಳು ಮುದುಕಿಯಾಗಿ ಕಂಡದ್ದರಲ್ಲಿ ತನಗೊಂದು ಪಾಲು ಖುಷಿ ತೆಗೆದುಕೊಂಡಳಲ್ಲ! ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ತಾನೇ ಸಣ್ಣವಳಾಗುವುದಿಲ್ಲವೇ? ಮನೆಗೆ ಬಂದು ಇಬ್ಬರೂ ಒಂದು ಮಾತಾಡದೆ ಊಟ ಮಾಡಿದರು. "ಏನು, ಅಮ್ಮ ಮಗಳು ಠೂ ಬಿಟ್ಟಿದೀರಾ?" ಅಂದ ಗಂಡನ ತಟ್ಟೆಗೆ ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಮುಂದಿನ ರಜೆಯ ದಿನ ಡೈ ಕಲಸಲು ಹೊರಟರೆ ಅಮ್ಮ ಬೇಡವೆಂದಳು. "ನೆತ್ತಿ ಉರಿಯುತ್ತೆ ಕಣೆ, ಮುಂದಿನ ಸಲ ನೋಡೋಣ." ಮುಂದಿನ ಸಲ ಕಣ್ಣು ಉರಿಯುತ್ತೆ ಅನ್ನುವ ನೆಪ. ಬುಡದಿಂದ ಬಿಳಿ ಏಳತೊಡಗಿತು, ಬೈತಲೆಯ ಎರಡೂ ಕಡೆ ಬೆರಳಗಲ. ನನ್ನ ಬೆರಳಿಗೆ ಸ್ಪರ್ಶವಿಲ್ಲ ಅಂತ ಹೆದರಿಕೊಂಡಿದ್ದಾಳೆ, ನೆತ್ತಿ ಸುಟ್ಟುಬಿಟ್ಟೇನು ಅಂತ, ಎಂದುಕೊಂಡಳು ಮಗಳು. ಅಮ್ಮನಿಗೂ ನನ್ನ ಕೈ ಮೇಲೆ ನಂಬಿಕೆ ಹೋಯಿತು. ಇನ್ನು ಗಿರಾಕಿಗಳದ್ದೇನು?

ಅಷ್ಟಕ್ಕೇ ನಿಲ್ಲಲಿಲ್ಲ. ಮಹಾರಾಣಿ ಕುಗ್ಗತೊಡಗಿದಳು. ಮಾಸಿದ ಬಣ್ಣದ ಬಟ್ಟೆ ಬಂತು, ಕಣ್ಣಿನ ಕಾಡಿಗೆ ಹೋಯಿತು. ಸ್ಟೂಲಿನಿಂದ ಇಳಿಯುವಾಗ ಮಂಡಿ ಹಿಡಿದು "ಅಮ್ಮಾ..." ಅನ್ನುವುದು, ನಡೆಯುವಾಗ ಗೋಡೆ ಹಿಡಿಯುವುದು, ಹೇಳಿದ್ದನ್ನು ಎರಡು ಸಲ ಕೇಳುವುದು. ಬೀದಿಯವರು, "ಏನು ಮಹಾರಾಣಿ ಇಷ್ಟು ಇಳಿದುಹೋದ್ರು?" ಅಂತ ಕೇಳುವಂತಾಯಿತು. ಮಗಳ ಸಿಟ್ಟು ಎಲ್ಲಿ ಹೋಯಿತೋ! ರಾತ್ರಿ ಅಮ್ಮನ ಕೆಮ್ಮು ಕೇಳಿದರೂ ಎದ್ದು ಕೂರುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಮ್ಮ ಕಿವಿಗೇ ಹಾಕಿಕೊಳ್ಳಲೊಲ್ಲಳು.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಮಗಳು ಬೇಸಿನ್ನಿನ ಮೇಲೆ ಬಗ್ಗಿ ಅದನ್ನು ತಿಕ್ಕುತ್ತಿದ್ದಳು. ಮೇಲಿನ ಕಪಾಟಿನಲ್ಲಿದ್ದ ಟವಲ್ಲಿನ ಪೆಟ್ಟಿಗೆ ಬೇಕಾಗಿತ್ತು. ಯಾರೂ ನೋಡುತ್ತಿಲ್ಲ ಅಂದುಕೊಂಡ ಅಮ್ಮ ಠಕ್ಕನೆ ಸ್ಟೂಲು ಎಳೆದು, ಹತ್ತಿ, ತುದಿಗಾಲಲ್ಲಿ ನಿಂತು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದೇ ನೆಗೆತಕ್ಕೆ ಕೆಳಗಿಳಿದಳು. ಮಂಡಿಯೂ ಇಲ್ಲ, ನೋವೂ ಇಲ್ಲ. ಮಗಳು ಸೊಂಟ ನೆಟ್ಟಗೆ ಮಾಡಿ ತಲೆಯೆತ್ತುತ್ತಲೇ ಅಮ್ಮ ಗೋಡೆ ಹಿಡಿದು "ಅಮ್ಮಾ..." ಅಂದಳು.

"ಕನ್ನಡೀಲಿ ನೋಡಿದೆ," ಅಂದಳು ಮಗಳು.

"ಏನ್ ನೋಡಿದೆ?"

"ನಿನ್ನ ನಾಟಕ ನೋಡಿದೆ. ನಾನು ನಿನಗೆ ಏನೋ ಆಗೋಯ್ತು ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದೀನಿ, ನೀನು ಮುದುಕಿ ವೇಷ ಹಾಕ್ಕೊಂಡು ಆಟ ಆಡ್ತಿದೀಯಾ? ಬಾ ಇಲ್ಲಿ. ಕೂತ್ಕೋ."

"ಬೇಡ ಕಣೆ..."

"ಕೂತ್ಕೋ ಅಂದೆ!"

ಮಗಳು ಬಾಗಿಲಿಗೆ ಚಿಲಕ ಹಾಕಿದಳು. ಅಮ್ಮನ ಕತ್ತಿಗೆ ಬಟ್ಟೆ ಕಟ್ಟಿದಳು, ಗ್ಲೌಸು ಹಾಕಿದಳು, ಡೈ ಕಲಸಿದಳು. ಬೆರಳಿಗೆ ತಿಳಿಯದ್ದನ್ನು ಕಣ್ಣಿಂದ ಅಳೆಯುತ್ತಾ ಬೈತಲೆ ಬಿಡಿಸಿ ಬ್ರಷ್ಷು ಇಟ್ಟಳು. ಅರ್ಧ ತಲೆ ಆದಮೇಲೆ ಕೇಳಿದಳು:

"ಅವತ್ತು ಖುಷಿ ಆಯ್ತು ಅಲ್ವಾ ನಿನಗೆ?"

ಅಮ್ಮ ಯಾವತ್ತು ಅಂತ ಕೇಳಲಿಲ್ಲ. "ಆಯ್ತು ಕಣೆ," ಅಂದಳು. "ಸುಳ್ಳು ಯಾಕೆ ಹೇಳ್ಲಿ? ಯಾರೋ ಚಿಕ್ಕವಳು ಅಂದ್ರು ಅಂತ ಹಾಳು ಮನಸ್ಸು ಕುಣೀತು. ನಿನ್ನ ಮುಖ ನೋಡಿದ್ಮೇಲೆ ನನ್ನ ಕೆನ್ನೆಗೆ ನಾನೇ ಬಾರಿಸ್ಕೊಳ್ಳೋ ಹಾಗಾಯ್ತು. ನಿನ್ನ ತಲೆ ಮೊದಲಿನ ಹಾಗೆ ಮಾಡೋಕೆ ನನ್ನ ಕೈಲಿ ಆಗಲ್ಲ. ನನ್ನದನ್ನ ಬಿಳಿ ಬಿಡೋಕಾದ್ರೂ ಆಗುತ್ತಲ್ಲ. ನನ್ನ ಪಕ್ಕದಲ್ಲಾದ್ರೂ ನೀನು ಚಿಕ್ಕವಳಾಗಿ ಕಾಣು ಅಂತ."

"ಯಾವಳು ಕೇಳಿದ್ಲು ನಿನ್ನ? ನೀನು ಬಿಳಿ ತಲೆ ಬಿಟ್ಕೊಂಡು ಗೋಡೆ ಹಿಡ್ಕೊಂಡು ಓಡಾಡಿದ್ರೆ ನನಗೆ ಹೆದರಿಕೆ ಆಗುತ್ತೆ ಅಮ್ಮ. ಸಾವಿಗೆ ಹೆದರೋಳು ಮನೇಲಿ ಒಬ್ಬಳಿದ್ರೆ ಸಾಲ್ದಾ? ಅವತ್ತು ಹೊಟ್ಟೆ ಉರೀತು, ಹೌದು. ಇವತ್ತೂ ಉರಿಯುತ್ತೆ. ಉರೀಲಿ ಬಿಡು. ನೀನು ನಿನ್ನ ಹಾಗೇ ಇರು."

ಅಮ್ಮ ಮೂಗು ಒರೆಸಿಕೊಂಡಳು. ಬ್ರಷ್ಷು ಎರಡು ಎಳೆ ಎಳೆದು ನಿಂತಿತು. ಯಾರನ್ನೂ, ಗಂಡನನ್ನೂ, ಡಾಕ್ಟರನ್ನೂ ಕೇಳದೆ ಇಷ್ಟು ದಿನ ಒಳಗೇ ಇಟ್ಟುಕೊಂಡದ್ದು ಆಗ ಮಗಳ ಬಾಯಿಂದ ಹೊರಗೆ ಬಂತು.

"ಅಮ್ಮಾ, ನೋಡೋಕೇನೋ ಮುದುಕಿ ಆಗ್ಬಿಟ್ಟೆ. ನಿಜವಾಗ್ಲೂ ಮುದುಕಿ ಆಗೋವರೆಗೂ ಇರ್ತೀನಾ?"

ಅಮ್ಮ ಯಾವ ಮಾತಿಗೂ ಮರುಮಾತು ಸಿದ್ಧವಿಟ್ಟುಕೊಂಡ ಹೆಂಗಸು. ಏನೂ ಆಗಲ್ಲ, ನೂರು ವರ್ಷ ಇರ್ತೀಯ, ಸುಮ್ನಿರು, ಇಂಥವನ್ನೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಾವಿರ ಸಲ ಹೇಳಿದವಳು. ಈಗ ಡೈ ಹತ್ತಿದ್ದರೂ ಲೆಕ್ಕಿಸದೆ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನಗೆ ಗೊತ್ತಿಲ್ಲ ಕಣೆ," ಅಂದಳು. "ಆದ್ರೆ ನೀನು ನಿಜವಾಗ್ಲೂ ಮುದುಕಿ ಆಗೋದನ್ನ ನಾನು ಮಾತ್ರ ನೋಡ್ಬಾರ್ದು. ಅದಕ್ಕೆ ಎಷ್ಟೋ ಮುಂಚೆ ನಾನು ಹೋಗಿರ್ಬೇಕು. ಮೊದಲು ಹುಟ್ಟಿದೋಳು ನಾನು, ಮೊದಲು ಹೋಗೋಳೂ ನಾನೇ. ಇದೊಂದು ಸರಿಯಾಗಿ ನಡೆದ್ರೆ ಸಾಕು, ಇನ್ನೇನೂ ಬೇಡ ನನಗೆ."

ಮಗಳು ಅಮ್ಮನ ಹೆಗಲಿಗೆ ಹಣೆಯಿಟ್ಟು ಜೋರಾಗಿ ಅತ್ತಳು. ಕಾಯಿಲೆ ಬಂದಾಗಿನಿಂದ ಅವಳು ಹಾಗೆ ಅತ್ತಿರಲಿಲ್ಲ. ಅಳಬೇಡ ಅಂತ ಅಮ್ಮ ಹೇಳಲಿಲ್ಲ.